ನಕ್ಷೆಯಿಂದ ವಸ್ತುವಿಗೆ: ಆಟಿಕೆ ಇಟ್ಟಿಗೆಗಳ ಚಂದ್ರರಾಕೆಟ್ಟು

ಒಂದು ಯಂತ್ರದ ಚಿತ್ರವನ್ನು ನೋಡಿ ಅದರ ಆಕಾರವನ್ನು ತಿಳಿಯುವುದು ಒಂದು ಬಗೆಯ ಜ್ಞಾನ. ಆ ಯಂತ್ರವನ್ನು ಕೈಯಾರೆ ಜೋಡಿಸಿ ನಿಲ್ಲಿಸುವುದು ಬೇರೊಂದು ಬಗೆಯ ಜ್ಞಾನ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ತಾನಾಗಿ ಒದಗುವುದಿಲ್ಲ. ಇದನ್ನು ಮನಗಾಣಲು ದೊಡ್ಡ ಕಾರ್ಖಾನೆಗೆ ಹೋಗಬೇಕಾಗಿಲ್ಲ. ಮಕ್ಕಳು ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳೇ ಸಾಕು. ಯಾರೋ ಹವ್ಯಾಸಿ ರಚಿಸಿದ ನಕ್ಷೆಯನ್ನು ಅನುಸರಿಸಿ, ಸೊಂಟದೆತ್ತರದ ಆಕಾಶನೌಕೆಯೊಂದನ್ನು ಅವುಗಳಿಂದ ಕಟ್ಟಲು ಹೊರಟರೆ, ಯಂತ್ರಶಿಲ್ಪದ ಹಲವು ಮೂಲತತ್ತ್ವಗಳು ಒಂದೊಂದಾಗಿ ನಮ್ಮೆದುರು ಬಂದು ನಿಲ್ಲುವುವು.

ನಿದರ್ಶನಕ್ಕಾಗಿ ಸ್ಯಾಟರ್ನ್-5 ರಾಕೆಟ್ಟಿನ ಮಾದರಿಯನ್ನು ತೆಗೆದುಕೊಳ್ಳೋಣ. 1969ರ ಜುಲೈ 16ರಂದು ಮೂವರು ಗಗನಯಾತ್ರಿಗಳನ್ನು ಹೊತ್ತು ಅಮೆರಿಕದ ಫ್ಲಾರಿಡದಿಂದ ಚಂದ್ರನ ಕಡೆಗೆ ಹೊರಟದ್ದು ಈ ರಾಕೆಟ್ಟೇ. ಇದರ ಮಾದರಿಯನ್ನು ಮೊದಲು ಕಲ್ಪಿಸಿದವರು ಆಟಿಕೆ ಕಂಪೆನಿಯ ನೌಕರರಲ್ಲ, ಇಬ್ಬರು ಹವ್ಯಾಸಿಗಳು. ಡೆನ್ಮಾರ್ಕಿನ ಲೆಗೊ ಕಂಪೆನಿಯಲ್ಲಿ ಒಂದು ಏರ್ಪಾಡುಂಟು: ಯಾರು ಬೇಕಾದರೂ ತಮ್ಮ ನಕ್ಷೆಯನ್ನು ಸಾರ್ವಜನಿಕರ ಮುಂದಿಡಬಹುದು, ಹತ್ತು ಸಾವಿರ ಮಂದಿಯ ಬೆಂಬಲ ದೊರೆತರೆ ಕಂಪೆನಿಯು ಅದನ್ನು ಪರಿಶೀಲನೆಗೆ ತೆಗೆದುಕೊಳ್ಳುವುದು. ಹೀಗೆ ಆಯ್ಕೆಯಾದ ಈ ಮಾದರಿ 2017ರಲ್ಲಿ ಮಾರಾಟಕ್ಕೆ ಬಂದಿತು. ಅದರ ಎತ್ತರ ಸುಮಾರು ಒಂದು ಮೀಟರು. ಬಿಡಿಭಾಗಗಳ ಸಂಖ್ಯೆ, ಮಾನವನು ಚಂದ್ರನ ಮೇಲಿಳಿದ ವರ್ಷವನ್ನು ನೆನಪಿಸುವಂತೆ, 1969. ಆದರೆ ಹವ್ಯಾಸಿಗಳ ನಕ್ಷೆ ಇದ್ದಂತೆಯೇ ಪೆಟ್ಟಿಗೆಯನ್ನು ಸೇರಲಿಲ್ಲ. ಕಂಪೆನಿಯ ವಿನ್ಯಾಸಕಾರರು ಅದನ್ನು ಪರಿಷ್ಕರಿಸಿದರು. ಸೊಗಸಾದ ನಕ್ಷೆಗೂ ಇಂಥ ಪರಿಷ್ಕಾರ ಏಕೆ ಬೇಕಾಗುವುದೆಂಬುದೇ ನಮ್ಮ ಈ ಪಾಠದ ವಿಷಯ.

ಇಟ್ಟಿಗೆಯ ಅಳತೆ

ಮೊದಲು ನಮ್ಮ ಸಾಮಗ್ರಿಯನ್ನು ಪರೀಕ್ಷಿಸೋಣ. ಇಟ್ಟಿಗೆಯ ಮೇಲ್ಮೈಯಲ್ಲಿ ಗುಂಡನೆಯ ಸಣ್ಣ ಗುಬುಟುಗಳಿವೆ. ಇವಕ್ಕೆ ಸ್ಟಡ್ ಎಂದು ಹೆಸರು. ಒಳಗೆ ಟೊಳ್ಳಾದ ನಳಿಗೆಗಳಿವೆ. ಒಂದು ಇಟ್ಟಿಗೆಯನ್ನು ಇನ್ನೊಂದರ ಮೇಲೆ ಒತ್ತಿದಾಗ ಕೆಳಗಿನದರ ಗುಬುಟುಗಳು ಮೇಲಿನದರ ಗೋಡೆಗೂ ನಳಿಗೆಗೂ ನಡುವೆ ಸಿಕ್ಕಿಕೊಂಡು ಘರ್ಷಣೆಯಿಂದ ನಿಲ್ಲುವುವು. ಅಂಟಿಲ್ಲ, ಮೊಳೆಯಿಲ್ಲ. ಈ ಉಪಾಯಕ್ಕೆ 1958ರ ಜನವರಿ 28ರಂದು ಗಾಟ್‌ಫ್ರೆಡ್ ಕಿರ್ಕ್ ಕ್ರಿಸ್ಟಿಯನ್ಸನ್ ಎಂಬಾತನು ಡೆನ್ಮಾರ್ಕಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು. 1963ರಿಂದ ಇಟ್ಟಿಗೆಗಳನ್ನು ಎ.ಬಿ.ಎಸ್. ಎಂಬ ಗಟ್ಟಿಯಾದ ಪ್ಲಾಸ್ಟಿಕ್ಕಿನಿಂದ ಅಚ್ಚು ಹೊಯ್ಯುತ್ತ ಬಂದಿದ್ದಾರೆ.

ಎರಡು ನೆರೆಯ ಗುಬುಟುಗಳ ಕೇಂದ್ರಗಳ ನಡುವಣ ದೂರ 8 ಮಿಲಿಮೀಟರು. ಇಟ್ಟಿಗೆಯ ಎತ್ತರ 9.6 ಮಿ.ಮೀ. ಇದರ ಮೂರನೆಯ ಒಂದಂಶದಷ್ಟು, ಎಂದರೆ 3.2 ಮಿ.ಮೀ. ದಪ್ಪದ ತೆಳುಭಾಗಗಳೂ ಉಂಟು. ಅವನ್ನು ನಾವು ಬಿಲ್ಲೆಗಳೆಂದು ಕರೆಯೋಣ. ಐದು ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟರೆ 16 ಮಿ.ಮೀ.; ಎರಡು ಗುಬುಟುಗಳ ಅಗಲವೂ 16 ಮಿ.ಮೀ. ಈ ಸಮೀಕರಣವನ್ನು ಜ್ಞಾಪಕದಲ್ಲಿಟ್ಟುಕೊಳ್ಳಬೇಕು; ಮುಂದೆ ಇದರಿಂದ ನಮಗೆ ಪ್ರಯೋಜನವಿದೆ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಿರಿ. ಎರಡು ಗುಬುಟುಗಳ ಅಗಲದ ಇಟ್ಟಿಗೆ ನಿಜವಾಗಿ 16 ಮಿ.ಮೀ. ಇರದೆ 15.8 ಮಿ.ಮೀ. ಇರುತ್ತದೆ. ಉಳಿದ 0.2 ಮಿ.ಮೀ. ಅನ್ನು ಬೇಕೆಂದೇ ಬಿಟ್ಟಿದ್ದಾರೆ. ಮಿಲಿಮೀಟರಿನ ನೂರನೆಯ ಒಂದಂಶಕ್ಕಿಂತಲೂ ನಿಖರವಾದ ಅಚ್ಚುಗಳಿದ್ದರೂ ಪ್ರತಿಯೊಂದು ಭಾಗದಲ್ಲಿ ಒಂದಿಷ್ಟು ದೋಷ ಉಳಿದೇ ಉಳಿಯುವುದು. ಸಾಲಾಗಿ ನೂರು ಭಾಗಗಳನ್ನು ಇಟ್ಟಾಗ ಆ ದೋಷಗಳು ಒಂದಕ್ಕೊಂದು ಕೂಡಿಕೊಂಡು ಕೊನೆಯ ಇಟ್ಟಿಗೆ ಕೂರದಂತಾಗಬಾರದು. ಆದುದರಿಂದ ಪ್ರತಿಯೊಂದು ಇಟ್ಟಿಗೆಗೂ ಸ್ವಲ್ಪ ಎಡೆಯನ್ನು ಬಿಟ್ಟು, ಅದರ ಸ್ಥಾನವನ್ನು ಗುಬುಟು ಮಾತ್ರವೇ ನಿರ್ಧರಿಸುವಂತೆ ಮಾಡಿದ್ದಾರೆ. ಹಳಿಗಳ ನಡುವೆ ಎಡೆ ಬಿಡುವ ರೈಲ್ವೆ ಇಂಜಿನಿಯರನ ವಿವೇಕಕ್ಕೂ ಇದಕ್ಕೂ ಸಂಬಂಧವಿದೆ.

ಪ್ರಮಾಣದ ಆಯ್ಕೆ

ಸ್ಯಾಟರ್ನ್-5ರ ಎತ್ತರ 110.6 ಮೀಟರು. ಮಾದರಿಯ ಪ್ರಮಾಣ 1:110. ಆದ್ದರಿಂದ ಮಾದರಿಯ ಎತ್ತರ ಒಂದು ಮೀಟರಿಗೆ ಸರಿಸುಮಾರಾಗುವುದು. ಎತ್ತರದ ಲೆಕ್ಕ ಇಷ್ಟು ಸುಲಭ. ತೊಡಕಿರುವುದು ಅಗಲದಲ್ಲಿ.

ರಾಕೆಟ್ಟಿನ ಮೊದಲ ಹಂತದ ವ್ಯಾಸ ಸುಮಾರು 10.06 ಮೀಟರು, 110ರಿಂದ ಭಾಗಿಸಿದರೆ 91.5 ಮಿ.ಮೀ., ಎಂದರೆ 11.4 ಗುಬುಟು. ಮೂರನೆಯ ಹಂತದ ವ್ಯಾಸ 6.6 ಮೀಟರು; ಮಾದರಿಯಲ್ಲಿ 60 ಮಿ.ಮೀ., ಎಂದರೆ 7.5 ಗುಬುಟು. ಆದರೆ ಗುಬುಟಿನಲ್ಲಿ ದಶಾಂಶವಿಲ್ಲ. 12 ಮತ್ತು 8 ಎಂದು ತೆಗೆದುಕೊಂಡರೆ ಎರಡು ವ್ಯಾಸಗಳ ಅನುಪಾತ 1.50 ಆಗುವುದು, 11 ಮತ್ತು 7 ಎಂದು ತೆಗೆದುಕೊಂಡರೆ 1.57. ನಿಜವಾದ ಅನುಪಾತ 1.52. ಕಣ್ಣಿಗೆ ಕಾಣುವುದು ಅಳತೆಗಿಂತ ಹೆಚ್ಚಾಗಿ ಅನುಪಾತವಾದ್ದರಿಂದ ಮೊದಲನೆಯ ಜೋಡಿ ಮೇಲು. ಮಾದರಿ ಕಟ್ಟುವವನು ಹೆಜ್ಜೆಹೆಜ್ಜೆಗೂ ಹೀಗೆ ಯಾವ ದೋಷವನ್ನು ಸಹಿಸಬಹುದು, ಯಾವುದನ್ನು ಸಹಿಸಬಾರದು ಎಂದು ತೀರ್ಮಾನಿಸಬೇಕಾಗುತ್ತದೆ. ದೋಷವೇ ಇಲ್ಲದ ಮಾದರಿ ಎಂಬುದಿಲ್ಲ. ದೋಷವನ್ನು ತಿಳಿದು ಹಂಚಿದ ಮಾದರಿ, ತಿಳಿಯದೆ ಹಂಚಿದ ಮಾದರಿ ಎಂಬ ಭೇದ ಮಾತ್ರ ಉಂಟು.

ಅಸ್ಥಿಪಂಜರವೂ ಹೊದಿಕೆಯೂ

ಇಟ್ಟಿಗೆಗಳು ಚೌಕಾಕಾರ, ರಾಕೆಟ್ಟು ಉರುಳೆಯ ಆಕಾರ. ಇಟ್ಟಿಗೆಗಳನ್ನು ಸುಮ್ಮನೆ ಒಂದರ ಮೇಲೊಂದು ಪೇರಿಸಿದರೆ ಮೂಲೆಮೂಲೆಯಾದ ಮೆಟ್ಟಿಲುಗಳ ಗೋಪುರವಾದೀತೇ ಹೊರತು ನುಣುಪಾದ ರಾಕೆಟ್ಟಾಗದು. ಅನುಭವಿಗಳು ಇದಕ್ಕೊಂದು ಹಾದಿಯನ್ನು ಕಂಡುಕೊಂಡಿದ್ದಾರೆ. ಒಳಗೆ ಚೌಕಾಕಾರದ ಗಟ್ಟಿ ಕಂಬವೊಂದನ್ನು ಕಟ್ಟುವುದು. ಆ ಕಂಬದಲ್ಲಿ ಪಕ್ಕಕ್ಕೆ ಗುಬುಟು ಚಾಚಿರುವ ವಿಶೇಷ ಇಟ್ಟಿಗೆಗಳನ್ನು ಅಲ್ಲಲ್ಲಿ ಸೇರಿಸುವುದು. ಬಾಗಿದ ಮೈಯುಳ್ಳ ಫಲಕಗಳನ್ನು ಬೇರೆಯಾಗಿ ಜೋಡಿಸಿ, ಅವನ್ನು ನಾಲ್ಕು ಕಡೆಯಿಂದಲೂ ಆ ಗುಬುಟುಗಳಿಗೆ ಒತ್ತುವುದು. ಕಂಬವು ಅಸ್ಥಿಪಂಜರ, ಫಲಕಗಳು ಚರ್ಮ.

ಹಿಂದೆ ಹೇಳಿದ ಸಮೀಕರಣ ಇಲ್ಲಿ ನೆರವಿಗೆ ಬರುವುದು. ಪಕ್ಕಕ್ಕೆ ತಿರುಗಿಸಿದ ಬಿಲ್ಲೆಯ ದಪ್ಪ 3.2 ಮಿ.ಮೀ. ಮಾತ್ರ. ಐದು ಬಿಲ್ಲೆ ಎರಡು ಗುಬುಟಿಗೆ ಸಮವಾದ್ದರಿಂದ ತಿರುಗಿಸಿದ ಭಾಗಗಳೂ ತಿರುಗಿಸದ ಭಾಗಗಳೂ ಮತ್ತೆ ಮತ್ತೆ ಒಂದೇ ಗೆರೆಗೆ ಬಂದು ಕೂಡಿಕೊಳ್ಳುತ್ತವೆ. ಅಷ್ಟೇ ಅಲ್ಲದೆ, ಗುಬುಟಿನ 8 ಮಿ.ಮೀ.ಗೆ ಬದಲಾಗಿ ಇನ್ನೂ ಸಣ್ಣ ಹೆಜ್ಜೆಯಲ್ಲಿ ಅಗಲವನ್ನು ಹೆಚ್ಚುಕಡಿಮೆ ಮಾಡಬಹುದು. ಆರು ಗುಬುಟು ಅಗಲದ, ಎಂದರೆ 48 ಮಿ.ಮೀ. ಕಂಬದ ಎರಡು ಪಕ್ಕಗಳಿಗೂ ಏಳೇಳು ಬಿಲ್ಲೆಯಷ್ಟು ದಪ್ಪವನ್ನು ಸೇರಿಸಿದರೆ ಒಟ್ಟು 92.8 ಮಿ.ಮೀ. ಆಗುವುದು. ನಮಗೆ ಬೇಕಾದ 91.5ಕ್ಕೂ ಇದಕ್ಕೂ ಅಂತರ ನೂರಕ್ಕೆ ಒಂದೂವರೆಯನ್ನು ಮೀರದು. 12 ಗುಬುಟುಗಳ ಅಗಲದಲ್ಲಾದರೋ ಅಂತರ ನೂರಕ್ಕೆ ಐದರಷ್ಟಿತ್ತು.

ಇಲ್ಲೊಂದು ಎಚ್ಚರಿಕೆಯನ್ನು ಹೇಳಬೇಕು. ಮಾದರಿಯು ರಾಕೆಟ್ಟಿನ ರೂಪವನ್ನು ಅನುಕರಿಸುತ್ತದೆಯೇ ಹೊರತು ರಚನೆಯನ್ನಲ್ಲ. ನಿಜವಾದ ರಾಕೆಟ್ಟಿನ ನಡುವೆ ಭಾರವನ್ನು ಹೊರುವ ಕಂಬವಿರಲಿಲ್ಲ. ಇಂಧನದ ತೊಟ್ಟಿಯ ಗೋಡೆಯೇ ರಾಕೆಟ್ಟಿನ ಹೊರಮೈಯಾಗಿ ಭಾರವನ್ನೂ ಹೊರುತ್ತಿತ್ತು. ಹಾರಬೇಕಾದ ವಸ್ತುವಿನಲ್ಲಿ ಒಂದೇ ತಗಡು ಎರಡು ಕೆಲಸ ಮಾಡಬೇಕು. ಮೇಜಿನ ಮೇಲೆ ನಿಲ್ಲುವ ವಸ್ತುವಿಗೆ ಆ ನಿರ್ಬಂಧವಿಲ್ಲ.

ಒತ್ತಡ ಮತ್ತು ಸೆಳೆತ

ಒಂದು ಮೀಟರಿನ ಗೋಪುರದ ಭಾರಕ್ಕೆ ಬುಡದ ಇಟ್ಟಿಗೆ ನಜ್ಜಾಗುವುದೇ ಎಂದು ಕೆಲವರಿಗೆ ಸಂದೇಹ ಬರಬಹುದು. ಇಂಗ್ಲೆಂಡಿನ ಓಪನ್ ಯೂನಿವರ್ಸಿಟಿಯಲ್ಲಿ 2012ರಲ್ಲಿ ಇದನ್ನು ಯಂತ್ರದಿಂದ ಪರೀಕ್ಷಿಸಿದರು. ನಾಲ್ಕು ಗುಬುಟುಗಳ ಒಂದು ಚಿಕ್ಕ ಇಟ್ಟಿಗೆ ಸುಮಾರು 430 ಕಿಲೊಗ್ರಾಮಿನ ಭಾರವನ್ನು ತಡೆದುಕೊಂಡ ಮೇಲೆ ಸೋತಿತು. ಆ ಲೆಕ್ಕದಂತೆ ಒಂದರ ಮೇಲೊಂದಾಗಿ ಮೂರೂವರೆ ಕಿಲೊಮೀಟರು ಎತ್ತರಕ್ಕೆ ಇಟ್ಟಿಗೆಗಳನ್ನು ಪೇರಿಸಿದರೆ ಮಾತ್ರ ಬುಡದ ಇಟ್ಟಿಗೆ ಕುಸಿಯುವುದು. ಆದುದರಿಂದ ಒತ್ತಡದ ಭಯ ನಮಗಿಲ್ಲ.

ಭಯವಿರುವುದು ಸೆಳೆತದಲ್ಲಿ. ಇಟ್ಟಿಗೆಗಳನ್ನು ಹಿಡಿದಿರುವುದು ಕೇವಲ ಘರ್ಷಣೆ; ಮಗುವಿನ ಕೈ ಕೂಡ ಅವನ್ನು ಬಿಡಿಸಬಲ್ಲದು. ಮಾದರಿಯನ್ನು ಅಡ್ಡಲಾಗಿ ಎತ್ತಿದ ಕ್ಷಣದಲ್ಲಿ ಅದು ಕಂಬವಾಗಿರದೆ ತೊಲೆಯಾಗುತ್ತದೆ. ತೊಲೆ ಬಾಗಿದಾಗ ಮೇಲಿನ ಅಂಚು ಒತ್ತಲ್ಪಡುತ್ತದೆ, ಕೆಳಗಿನ ಅಂಚು ಸೆಳೆಯಲ್ಪಡುತ್ತದೆ. ಲೆಕ್ಕಕ್ಕಾಗಿ ಮಾದರಿಯ ತೂಕ 2 ಕಿಲೊಗ್ರಾಮು, ಉದ್ದ 100 ಸೆಂಟಿಮೀಟರು, ತೂಕ ಉದ್ದಕ್ಕೂ ಸಮವಾಗಿ ಹರಡಿದೆ ಎಂದು ಭಾವಿಸೋಣ. ಎರಡು ತುದಿಗಳಲ್ಲಿ ಮಾತ್ರ ಆಸರೆ ಕೊಟ್ಟರೆ ನಡುವಿನಲ್ಲಿ ಬಾಗಿಸುವ ಭ್ರಾಮಕವು ತೂಕ ಮತ್ತು ಉದ್ದಗಳ ಗುಣಲಬ್ಧದ ಎಂಟನೆಯ ಒಂದಂಶ, ಎಂದರೆ 25 ಕಿಲೊಗ್ರಾಮು-ಸೆಂಟಿಮೀಟರು. ಒತ್ತುವ ಅಂಚಿಗೂ ಸೆಳೆಯುವ ಅಂಚಿಗೂ ನಡುವೆ 6 ಸೆಂಟಿಮೀಟರು ಅಂತರವಿದ್ದರೆ ಕೆಳ ಅಂಚಿನ ಗುಬುಟುಗಳ ಮೇಲೆ ನಾಲ್ಕು ಕಿಲೊಗ್ರಾಮಿಗೂ ಮಿಕ್ಕ ಸೆಳೆತ ಬೀಳುವುದು. ಅದೇ ಆಸರೆಗಳನ್ನು ತುದಿಗಳಿಂದ ಒಳಕ್ಕೆ, ಉದ್ದದ ಸುಮಾರು ಐದನೆಯ ಒಂದಂಶದಷ್ಟು ದೂರಕ್ಕೆ ಸರಿಸಿದರೆ ಭ್ರಾಮಕವು ಹೆಚ್ಚುಕಡಿಮೆ ಆರನೆಯ ಒಂದಂಶಕ್ಕೆ ಇಳಿಯುವುದು. ಮಾರಾಟದ ಮಾದರಿಯೊಡನೆ ಅದನ್ನು ಅಡ್ಡಲಾಗಿ ಇಡಲು ಮೂರು ಆಸರೆಗಳನ್ನು ಕೊಟ್ಟಿರುವುದು ಅಲಂಕಾರಕ್ಕಾಗಿ ಮಾತ್ರವಲ್ಲ ಎಂದು ಇದರಿಂದ ತಿಳಿಯಬಹುದು.

ಗಾರೆ ಕೆಲಸದವರು ಗೋಡೆ ಕಟ್ಟುವಾಗ ಒಂದು ಸಾಲಿನ ಸಂದಿಯ ಮೇಲೆ ಇನ್ನೊಂದು ಸಾಲಿನ ಸಂದಿ ಬಾರದಂತೆ ನೋಡಿಕೊಳ್ಳುತ್ತಾರೆ. ಆ ನಿಯಮವೇ ಇಲ್ಲಿಯೂ ಸಲ್ಲುವುದು. ಒಳಕಂಬದಲ್ಲಿ ಸಂದಿಗಳು ಒಂದೇ ನೇರದಲ್ಲಿ ಬಂದರೆ ಆ ನೇರದಲ್ಲಿ ಮಾದರಿ ಸೀಳುವುದು. ಹೊದಿಕೆಯ ಫಲಕಗಳು ಕಂಬದ ಸಂದಿಗಳನ್ನು ದಾಟಿ ಮೇಲೂ ಕೆಳಗೂ ಹಿಡಿದರೆ, ಮುರಿದ ಎಲುಬಿಗೆ ಕಟ್ಟಿದ ಬಿದಿರು ಪಟ್ಟಿಯಂತೆ ಅವು ಸೆಳೆತವನ್ನು ಹಂಚಿಕೊಳ್ಳುವುವು.

ಹವ್ಯಾಸಿಯು ಇದೇ ಮಾದರಿಯನ್ನು ಇಮ್ಮಡಿ ಗಾತ್ರದಲ್ಲಿ ಕಟ್ಟಬಯಸಿದರೇನಾದೀತು? ಉದ್ದ, ಅಗಲ, ಎತ್ತರ ಮೂರೂ ಇಮ್ಮಡಿಯಾದ್ದರಿಂದ ಇಟ್ಟಿಗೆಗಳು ಎಂಟುಮಡಿ, ಎಂದರೆ ಹದಿನಾರು ಸಾವಿರದಷ್ಟು ಬೇಕಾಗುವುವು. ತೂಕ ಎಂಟುಮಡಿ, ಉದ್ದ ಇಮ್ಮಡಿ. ಆದುದರಿಂದ ಬಾಗಿಸುವ ಭ್ರಾಮಕ ಹದಿನಾರುಮಡಿ. ಅದನ್ನು ತಡೆಯುವ ಗುಬುಟುಗಳು ನಾಲ್ಕುಮಡಿ, ಅವುಗಳ ನಡುವಣ ಅಂತರ ಇಮ್ಮಡಿ. ಆದುದರಿಂದ ತಡೆಯುವ ಶಕ್ತಿ ಎಂಟುಮಡಿ ಮಾತ್ರ. ಕೊನೆಗೆ ಪ್ರತಿಯೊಂದು ಗುಬುಟಿನ ಮೇಲೆ ಬೀಳುವ ಸೆಳೆತ ಇಮ್ಮಡಿಯಾಗುವುದು. ಗುಬುಟಿನ ಹಿಡಿತವಾದರೋ ಹಿಂದಿನಷ್ಟೇ. ಚಿಕ್ಕದರಲ್ಲಿ ನಿಂತದ್ದು ದೊಡ್ಡದರಲ್ಲಿ ನಿಲ್ಲಲೇಬೇಕೆಂಬ ನಿಯಮವಿಲ್ಲವೆಂಬುದನ್ನು ಗೆಲಿಲಿಯೊ 1638ರಷ್ಟು ಹಿಂದೆಯೇ ಪ್ರತಿಪಾದಿಸಿದ್ದನು.

ಪರದೆ ಹೇಳದ ಮಾತು

ಇಂದಿನ ಹವ್ಯಾಸಿಗಳು ನಕ್ಷೆಯನ್ನು ಕಾಗದದ ಮೇಲೆ ಬರೆಯದೆ ಗಣಕಯಂತ್ರದಲ್ಲಿ ರಚಿಸುತ್ತಾರೆ. 1995ರಲ್ಲಿ ಜೇಮ್ಸ್ ಜೆಸ್ಸಿಮನ್ ಎಂಬಾತನು ರಚಿಸಿದ ಎಲ್‌ಡ್ರಾ ಎಂಬ ಪದ್ಧತಿ ಇದಕ್ಕೆ ದಾರಿ ತೋರಿತು. ಅಂಥ ನಕ್ಷೆಯಲ್ಲಿ ಪ್ರತಿಯೊಂದು ಭಾಗದ ಹೆಸರು, ಬಣ್ಣ, ಸ್ಥಾನ ಎಲ್ಲವೂ ಖಚಿತವಾಗಿ ದಾಖಲಾಗಿರುತ್ತವೆ. ಇದು ಸಣ್ಣ ಮಾತಲ್ಲ. ಎಂಟು ಗುಬುಟುಗಳ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ರೀತಿಗಳಲ್ಲಿ ಜೋಡಿಸಬಹುದೆಂದು ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಗಣಿತಜ್ಞ ಸೋರೆನ್ ಐಲರ್ಸ್ ಗಣಿಸಿ ತೋರಿಸಿದ್ದಾರೆ. ಆರರ ಗತಿಯೇ ಹೀಗಾದರೆ ಸಾವಿರಾರು ಭಾಗಗಳಲ್ಲಿ ಸರಿಯಾದ ಒಂದು ಜೋಡಣೆಯನ್ನು ನಕ್ಷೆಯಿಲ್ಲದೆ ಕಂಡುಹಿಡಿಯುವುದು ಅಸಾಧ್ಯ.

ಆದರೂ ಪರದೆಯ ಮೇಲೆ ಗುರುತ್ವಾಕರ್ಷಣೆಯಿಲ್ಲ. ಯಾವುದಕ್ಕೂ ತಗಲದ ಇಟ್ಟಿಗೆ ಅಲ್ಲಿ ಗಾಳಿಯಲ್ಲಿ ನಿಂತಿರಬಲ್ಲದು. ಕಾರ್ಖಾನೆಯು ಎಂದೂ ಅಚ್ಚು ಹಾಕದ ಬಣ್ಣವನ್ನು ಯಾವ ಭಾಗಕ್ಕಾದರೂ ಹಚ್ಚಬಹುದು. ಎಲ್ಲಕ್ಕಿಂತ ಮುಖ್ಯವಾದ ಕೊರತೆ ಇನ್ನೊಂದು: ನಕ್ಷೆಯು ಮುಗಿದ ವಸ್ತುವನ್ನು ತೋರಿಸುತ್ತದೆ, ಅದು ಯಾವ ಕ್ರಮದಲ್ಲಿ ಆಯಿತೆಂಬುದನ್ನು ತೋರಿಸಬೇಕಾಗಿಲ್ಲ. ಮುಗಿದ ಮೇಲೆ ಗಟ್ಟಿಯಾಗಿ ನಿಲ್ಲುವ ಮಾದರಿ ಅರ್ಧ ಕಟ್ಟಿದಾಗ ಕುಸಿಯಬಹುದು. ಒಳಗಿನ ಇಟ್ಟಿಗೆಯೊಂದನ್ನು ಕೂರಿಸುವ ವೇಳೆಗೆ ಹೊದಿಕೆ ಮುಚ್ಚಿಕೊಂಡು ಕೈಯೇ ಹೋಗದಿರಬಹುದು.

ಆದುದರಿಂದ ಹವ್ಯಾಸಿಯ ನಕ್ಷೆಯಿಂದ ಕಟ್ಟಲು ಹೊರಟವರು ಮೊದಲು ಕ್ರಮವನ್ನು ತಾವೇ ರಚಿಸಿಕೊಳ್ಳಬೇಕು. ಅದಕ್ಕೆ ನಾಲ್ಕು ಸೂತ್ರಗಳನ್ನು ಹೇಳಬಹುದು. ಒಂದನೆಯದು, ಪ್ರತಿಯೊಂದು ಹೆಜ್ಜೆಯ ಕೊನೆಯಲ್ಲಿ ಕಟ್ಟಿದಷ್ಟು ಭಾಗ ತಾನಾಗಿ ನಿಲ್ಲಬೇಕು. ಎರಡನೆಯದು, ಇಟ್ಟಿಗೆಯನ್ನು ಒತ್ತುವಾಗ ಒತ್ತಿದ ಬಲಕ್ಕೆ ಎದುರಾಗಿ ಆಸರೆ ಇರಬೇಕು. ಕೆಳಗೆ ಟೊಳ್ಳಿದ್ದರೆ ಕೂರಿಸಲು ಹೋದದ್ದು ಬೇರೆಯದನ್ನು ಕಳಚುವುದು. ಮೂರನೆಯದು, ಒಳಗಿನದು ಮೊದಲು, ಹೊರಗಿನದು ಆಮೇಲೆ. ನಾಲ್ಕನೆಯದು, ದೊಡ್ಡ ಮಾದರಿಯನ್ನು ಸ್ವತಂತ್ರವಾದ ಘಟಕಗಳಾಗಿ ಒಡೆದು, ಪ್ರತಿಯೊಂದನ್ನೂ ಬೇರೆಯಾಗಿ ಮುಗಿಸಿ, ಘಟಕ ಘಟಕಗಳು ಕೂಡುವ ತಾಣಗಳನ್ನು ಸರಳವಾಗಿ ಇಡಬೇಕು.

ನಿಜವಾದ ರಾಕೆಟ್ಟಿನ ಪಾಠ

ಈ ನಾಲ್ಕನೆಯ ಸೂತ್ರವನ್ನು ನಿಜವಾದ ಸ್ಯಾಟರ್ನ್-5ರಲ್ಲಿಯೂ ಕಾಣುತ್ತೇವೆ. ಮೊದಲ ಹಂತವನ್ನು ಬೋಯಿಂಗ್, ಎರಡನೆಯದನ್ನು ನಾರ್ತ್ ಅಮೆರಿಕನ್, ಮೂರನೆಯದನ್ನು ಡಗ್ಲಸ್ ಕಂಪೆನಿಗಳು ಬೇರೆ ಬೇರೆ ಊರುಗಳಲ್ಲಿ ತಯಾರಿಸಿದವು. ಅವೆಲ್ಲ ಒಂದಾದದ್ದು ಫ್ಲಾರಿಡದ ಜೋಡಣೆಯ ಕಟ್ಟಡದಲ್ಲಿ. ಕೂಡುವ ತಾಣಗಳ ಅಳತೆಯನ್ನು ಮೊದಲೇ ಒಪ್ಪಿಕೊಂಡದ್ದರಿಂದ ಇದು ಸಾಧ್ಯವಾಯಿತು. 1967ರಿಂದ 1973ರವರೆಗೆ ಈ ರಾಕೆಟ್ಟು ಹದಿಮೂರು ಬಾರಿ ಹಾರಿತು.

ಅದರ ನಕ್ಷೆಗಳು ಕಳೆದುಹೋಗಿವೆಯೆಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಅದು ನಿಜವಲ್ಲ, ಮೈಕ್ರೊಫಿಲ್ಮಿನ ಮೇಲೆ ಅವು ಉಳಿದಿವೆ. ಕಷ್ಟವಿರುವುದು ಬೇರೆಡೆ. ಮೊದಲ ಹಂತದಲ್ಲಿ ಎಫ್-1 ಎಂಬ ಐದು ಎಂಜಿನುಗಳಿದ್ದುವು. ಅಮೆರಿಕದ ಬಾಹ್ಯಾಕಾಶ ಸಂಸ್ಥೆಯ ಮಾರ್ಷಲ್ ಕೇಂದ್ರದ ತರುಣ ಇಂಜಿನಿಯರುಗಳು ಉಳಿದಿದ್ದ ಒಂದು ಎಫ್-1 ಎಂಜಿನನ್ನು ಬಿಚ್ಚಿ ಪರೀಕ್ಷಿಸಿ, ಅದರ ಅನಿಲಜನಕ ಭಾಗವನ್ನು 2013ರ ಜನವರಿಯಲ್ಲಿ ಮತ್ತೆ ಉರಿಸಿ ನೋಡಿದರು. ನಕ್ಷೆಗಳು ಅವರ ಕೈಯಲ್ಲಿದ್ದುವು. ಆದರೂ ಬಿಚ್ಚಬೇಕಾಯಿತು. ಏಕೆಂದರೆ ಆ ಎಂಜಿನುಗಳಲ್ಲಿ ಕೈಯಿಂದ ಮಾಡಿದ ಬೆಸುಗೆಗಳು ಅಪಾರ. ಪ್ರತಿಯೊಂದು ಎಂಜಿನಿನಲ್ಲಿಯೂ ಕೆಲಸಗಾರರು ಅಲ್ಲಲ್ಲಿ ಮಾಡಿದ ಸಣ್ಣ ತಿದ್ದುಪಡಿಗಳಿದ್ದುವು. ಅವೆಲ್ಲವೂ ಕಾಗದಕ್ಕೆ ಇಳಿದಿರಲಿಲ್ಲ. ಯಾವುದನ್ನು ಮೊದಲು ಹಿಡಿಯಬೇಕು, ಎಲ್ಲಿ ಸ್ವಲ್ಪ ಸಡಿಲ ಬಿಡಬೇಕು ಎಂಬುದನ್ನು ಅವರ ಕೈ ಬಲ್ಲುದಾಗಿತ್ತು. ಆ ಕೈಗಳು ನಿವೃತ್ತವಾದಾಗ ಆ ತಿಳಿವೂ ಮರೆಯಾಯಿತು. ನಕ್ಷೆ ಉಳಿದರೂ ವಿದ್ಯೆ ಅಳಿಯಬಹುದು. ಜೋಡಣೆಯ ಕ್ರಮವನ್ನು ಬರೆದಿಡುವುದು ಕರಣಿಕನ ಕೆಲಸವೆಂದು ತಾತ್ಸಾರ ಮಾಡಬಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಾಗಿಲ್ಲ.

ಒಂದು ಅಭ್ಯಾಸ

ಕೊನೆಗೆ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. 2023ರ ಜುಲೈ 14ರಂದು ಚಂದ್ರಯಾನ-3ನ್ನು ಹೊತ್ತು ಶ್ರೀಹರಿಕೋಟೆಯಿಂದ ಹಾರಿದ ನಮ್ಮ ಎಲ್.ವಿ.ಎಂ.-3 ರಾಕೆಟ್ಟಿನ ಎತ್ತರ 43.5 ಮೀಟರು. ನಡುಭಾಗದ ವ್ಯಾಸ 4 ಮೀಟರು, ಪಕ್ಕದ ಎರಡು ಘನ ಇಂಧನದ ರಾಕೆಟ್ಟುಗಳದು 3.2 ಮೀಟರು, ತುದಿಯ ಕವಚದ್ದು 5 ಮೀಟರು. ಇದನ್ನು ಸ್ಯಾಟರ್ನ್ ಮಾದರಿಯ ಪಕ್ಕದಲ್ಲಿ ನಿಲ್ಲಿಸಲು 1:110ರ ಪ್ರಮಾಣವನ್ನೇ ಆರಿಸಿದರೆ ಈ ವ್ಯಾಸಗಳು 4.5, 3.6, 5.7 ಗುಬುಟುಗಳಾಗುವುವು. ಮೂರೂ ಕೂಡಿಬರುವುದಿಲ್ಲ. 1:125ನ್ನು ಆರಿಸಿದರೆ ಒಂದು ಗುಬುಟು ಸರಿಯಾಗಿ ಒಂದು ಮೀಟರಿಗೆ ಸಮನಾಗುವುದು! ಆಗ ನಡುಭಾಗ 4 ಗುಬುಟು, ಕವಚ 5 ಗುಬುಟು. ಪಕ್ಕದವನ್ನು 3 ಎಂದಿಟ್ಟರೆ ದೋಷ ನೂರಕ್ಕೆ ಆರರಷ್ಟು. ಎತ್ತರ 348 ಮಿ.ಮೀ., ಎಂದರೆ 36 ಇಟ್ಟಿಗೆಗಳೂ ಒಂದು ಬಿಲ್ಲೆಯೂ ಸೇರಿದರೆ ಒಂದು ಮಿಲಿಮೀಟರಿನೊಳಗೆ ಸರಿಹೊಂದುವುದು.

ಆದರೆ ಒಂದು ಸಮಸ್ಯೆಯನ್ನು ನಾವು ಬಿಡಿಸದೆ ಬಿಟ್ಟಿದ್ದೇವೆ. ನಾಲ್ಕು ಗುಬುಟಿನ ಕಂಬದ ಮೇಲೆ ಐದು ಗುಬುಟಿನ ಕವಚವನ್ನಿಟ್ಟರೆ ಅದು ಅರ್ಧ ಗುಬುಟಿನಷ್ಟು ಒಂದು ಪಕ್ಕಕ್ಕೆ ಸರಿದು ಕೂರುವುದು. ಎರಡು ಗುಬುಟು ಅಗಲದ, ಆದರೆ ನಡುವೆ ಒಂದೇ ಗುಬುಟುಳ್ಳ ಬಿಲ್ಲೆಯೊಂದು ದೊರೆಯುತ್ತದೆ. ಅದಕ್ಕೆ ಜಂಪರ್ ಎಂದು ಹೆಸರು. ಅದನ್ನು ಎಲ್ಲೆಲ್ಲಿ ಇಡಬೇಕು, ಯಾವ ಹೆಜ್ಜೆಯಲ್ಲಿ ಇಡಬೇಕು, ಕವಚವನ್ನು ಒತ್ತುವಾಗ ಕೆಳಗೆ ಆಸರೆ ಎಲ್ಲಿಂದ ಬರಬೇಕು? ಇಟ್ಟಿಗೆಗಳು ಸಿಗದವರು ಚೌಕುಳಿ ಕಾಗದದ ಮೇಲೆ, ಪ್ರತಿಯೊಂದು ಸಾಲಿಗೆ ಒಂದೊಂದು ಚಿತ್ರದಂತೆ, ಇದನ್ನು ಬರೆಯಬಹುದು. ಬರೆದ ಮೇಲೆ ಆ ಹಾಳೆಗಳನ್ನು ಮಾದರಿಯನ್ನು ಕಾಣದ ಗೆಳೆಯನೊಬ್ಬನ ಕೈಗೆ ಕೊಟ್ಟು, ಯಾವ ವಿವರಣೆಯನ್ನೂ ಹೇಳದೆ, ಕಟ್ಟಲು ಬಿಡಬೇಕು. ಅವನು ಎಲ್ಲಿ ತಡೆದು ನಿಲ್ಲುವನೋ ಅಲ್ಲಿಯೇ ನಮ್ಮ ನಕ್ಷೆ ಅಪೂರ್ಣವಾಗಿದೆಯೆಂದು ತಿಳಿಯತಕ್ಕದ್ದು.